ಮಾಳವ್ವನ ಬೋಣಿ

ಬೆಟಗೇರಿಯ ತಾಂಬ್ರ ಓಣಿಯಲ್ಲಿ ಮಾಳವ್ವನ ಕೈ ಬೀಳದೆ ವ್ಯಾಪಾರ ಶುರುವಾಗುತ್ತಿರಲಿಲ್ಲ. ಅದು ನಂಬಿಕೆಯೋ, ರೂಢಿಬಿದ್ದ ಚಟವೋ, ಆ ಶಿವನೇ ಬಲ್ಲ. ಬೆಳಿಗ್ಗೆ ಆಕೆ ಮೊದಲು ದಾವಲಬೀಯ ಹೂವಿನ ಅಂಗಡಿಗೆ ಬಂದು ಒಂದು ಮೊಳ ಮಲ್ಲಿಗೆ ಕೊಳ್ಳಬೇಕು. ಅದು ದಾವಲಬೀಗೆ ಬೋಣಿ, ದಿನದ ಮೊದಲ ವ್ಯಾಪಾರ. ಆ ದುಡ್ಡಿನಲ್ಲೇ ದಾವಲಬೀ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಚಹಾದವನಿಗೆ ಬೋಣಿ ಮಾಡುವಳು. ಚಹಾದವನು ಕಿರಾಣಿಯಲ್ಲಿ ಸಕ್ಕರೆ ಕೊಳ್ಳುವನು, ಕಿರಾಣಿಯವನು ಬಳೆಗಾರನ ಹತ್ತಿರ ಮಗಳಿಗೊಂದು ಪಿನ್ನು. ಹೀಗೆ ಓಣಿಯೆಲ್ಲ ಸುತ್ತಿ, ಕೊನೆಗೆ ಪಾತ್ರೆ ಅಂಗಡಿಯ ಶಿವಪುತ್ರಪ್ಪ ಮಾಳವ್ವನ ಅಂಗಡಿಗೆ ಬಂದು ಮಂಡಿನೋವಿನ ಎಣ್ಣೆಯ ಪುಟ್ಟ ಶೀಶೆ ಒಯ್ಯುತ್ತಿದ್ದ. ಹೊರಟ ದುಡ್ಡು ಸುತ್ತುಹಾಕಿ ಹೊರಟಲ್ಲಿಗೇ ಬರುತ್ತಿತ್ತು. ಲಾಭ ಯಾರಿಗೂ ಇಲ್ಲ, ಲುಕ್ಸಾನವೂ ಇಲ್ಲ. ಆದರೆ ಪ್ರತಿ ಅಂಗಡಿಯೂ ಆ ಹೊತ್ತಿಗೆ ಕಣ್ಣು ಬಿಡುತ್ತಿತ್ತು.

"ಮಾಳಕ್ಕನ ಕೈಗುಣ ಅಂದ್ರ ಕೈಗುಣ," ಅನ್ನುವಳು ದಾವಲಬೀ. "ಆಕಿ ಮುಟ್ಟಿದ ದಿನ ಒಂದು ಎಸಳೂ ಉಳಿಯಂಗಿಲ್ಲ ನೋಡು."

ದುಡ್ಡು ಅಂದೆನಲ್ಲ, ಅದು ಹಳೇ ಮಾತು. ನೋಟು, ನಾಣ್ಯ ಹೋಗಿ ಒಂದು ತಲೆಮಾರೇ ಆಗಿತ್ತು. ದೇವರ ಜಗಲಿಯ ಮೇಲೆ ಅರಿಶಿನ ಬಟ್ಟೆಯಲ್ಲಿ ಕಟ್ಟಿಟ್ಟ ರೂಪಾಯಿ ಬಿಟ್ಟರೆ ದುಡ್ಡನ್ನು ಕಣ್ಣಿಂದ ಕಂಡವರಿಲ್ಲ. ಎಲ್ಲ ಅಂಗಡಿಯಲ್ಲೂ ಗಾಜಿನದೊಂದು ಹಲಗೆ. ಕೊಳ್ಳುವವನು ಅದರ ಮೇಲೆ ಅಂಗೈ ಇಟ್ಟರೆ ಅದು ನರಗಳ ಗುರುತು ಹಿಡಿದು, ಇವನ ಖಾತೆಯಿಂದ ಅವನ ಖಾತೆಗೆ ಹಣ ದಾಟಿಸಿ, ಹಸಿರು ದೀಪ ಹಚ್ಚುತ್ತಿತ್ತು. ನೋಟು ಹೋದರೂ ಓಣಿಯವರ ಕೈ ಮರೆತಿರಲಿಲ್ಲ. ಬೋಣಿಯ ಹಸಿರು ಕಂಡ ಕೂಡಲೇ ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಇನ್ನು ಮಾಳವ್ವ ಮಾರುತ್ತಿದ್ದದ್ದು ಭಂಗಿ ಸೊಪ್ಪಿನ ಎಣ್ಣೆ. ಭಂಗಿ ಅಂದ ಕೂಡಲೇ ಮೂಗು ಮುರಿಯಬೇಡಿ. ಅಮಲು ತೆಗೆದು ಶೋಧಿಸಿದ ಔಷಧ ಅದು. ಸರ್ಕಾರವೇ ಪರವಾನಗಿ ಕೊಟ್ಟು, ಸರ್ಕಾರದ ಕಾರ್ಖಾನೆಯಿಂದಲೇ ಸರಕು ಕಳಿಸುತ್ತಿತ್ತು. ಆದರೆ ಕಾನೂನು ಹೂಂ ಅಂದರೂ ದುಡ್ಡಿನ ಕೊಳವೆ ಊಹೂಂ ಅನ್ನುತ್ತಿತ್ತು. ಅಂಗೈ ಹಲಗೆಯ ಹಿಂದಿದ್ದ ದೊಡ್ಡ ಜಾಲಗಳು ಎಲ್ಲೋ ಸಮುದ್ರದಾಚೆ ಕೂತು, ಭಂಗಿ ಮುಟ್ಟಿದ ಹಣ ನಮ್ಮ ಕೊಳವೆಯಲ್ಲಿ ಹರಿಯಕೂಡದು ಎಂದು ನೇಮ ಮಾಡಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇಂಥದಕ್ಕೇ. ಹಿಂದೆ ಯಾರೋ ಪುಣ್ಯಾತ್ಮ ಮಾಳವ್ವನದನ್ನು ಬರೀ 'ಎಣ್ಣೆ ಅಂಗಡಿ' ಎಂದು ದಾಖಲಿಸಿದ್ದರಿಂದ ಇಷ್ಟು ದಿನ ನಡೆದುಕೊಂಡು ಬಂದಿತ್ತು.

ಬೋಣಿಗೆ ಕಟ್ಟುಗಳಿದ್ದವು. ಬೋಣಿ ಆಗುವ ತನಕ ಉದ್ರಿ ಕೊಡುವಂತಿಲ್ಲ, ಪುಕ್ಕಟೆ ಅಂತೂ ಮೊದಲೇ ಇಲ್ಲ. ಕೊಟ್ಟರೆ ಅಂಗಡಿ ಮುಳುಗುತ್ತದೆ. ಹಾಗಾಗಿ ಬೋಣಿ ಆಗದ ಅಂಗಡಿಯಲ್ಲಿ ಮಾನಸ್ಥರು ಉದ್ರಿ ಕೇಳುತ್ತಲೂ ಇರಲಿಲ್ಲ. ಬೋಣಿ ಆದಮೇಲೆ ಮಾತ್ರ ಮಾಳವ್ವನ ಕೈ ತಡೆಯುವವರಿಲ್ಲ. ಇಲ್ಲದವರಿಗೆ ಹಾಗೇ ಕೊಡುತ್ತಿದ್ದಳು. ದಾವಲಬೀಯ ಮಗ ಮೌಲಾಲಿ ಓಣಿಯ ಟೇಲರ್. ಚಿಕ್ಕಂದಿನಿಂದ ಅವನಿಗೆ ಫಿಟ್ಸು. ಒಮ್ಮೆ ಹೊಲಿಗೆ ಮಷೀನಿನ ಮೇಲೇ ಬಿದ್ದು ಸೂಜಿ ಬೆರಳಿನಲ್ಲಿ ತೂರಿತ್ತು. ಡಾಕ್ಟರು ಬರೆದ ಔಷಧಗಳೆಲ್ಲ ಸೋತಮೇಲೆ ಅವರೇ ಭಂಗಿ ಎಣ್ಣೆ ಬರೆದುಕೊಟ್ಟರು. ಅಂದಿನಿಂದ ಅವನು ಬಿದ್ದಿರಲಿಲ್ಲ. ಲಗ್ನದ ಮಾತುಕತೆಯೂ ನಡೆದಿತ್ತು.

ಶಿವಪುತ್ರಪ್ಪನ ಮಗ ಅನ್ನದಾನಿ ದಿನಾ ರೈಲು ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದ. ಅಲ್ಲಿ ದುಡ್ಡಿನ ಜಾಲದ ಕಾವಲುಮನೆಯಲ್ಲಿ ಅವನು ಪರಿಶೀಲಕ. ಕಿಟಕಿಯಿಲ್ಲದ, ಜ್ಯೂಸ್ ಅಂಗಡಿಯ ಐಸ್ ಪೆಟ್ಟಿಗೆಯಂತೆ ತಣ್ಣಗಿನ ಕೋಣೆ. ಗೋಡೆ ತುಂಬ ಪರದೆ. ಪರದೆಯ ಹಿಂದೆ ಘ್ರಾಣ ಎಂಬ ಯಂತ್ರಬುದ್ಧಿ. ಅದರ ಕೆಲಸ ಹಣದ ವಾಸನೆ ಹಿಡಿಯುವುದು. ನಿಷಿದ್ಧ ಸರಕು ಮಾರಿದವನ ಖಾತೆಗೆ ವಾಸನೆ ಅಂಟುತ್ತದೆ. ಅವನಿಂದ ಹಣ ಪಡೆದವನಿಗೆ ಅದರಲ್ಲಿ ಸ್ವಲ್ಪ, ಅವನಿಂದ ಪಡೆದವನಿಗೆ ಇನ್ನೂ ಕಡಿಮೆ. ಕೈ ದಾಟಿದಂತೆ ತೆಳುವಾಗಿ ಕರಗಬೇಕು. ಆದರೆ ಅದೇ ಹಣ ಸುತ್ತಿ ಸುತ್ತಿ ಬಂದರೆ ಕರಗುವುದಿಲ್ಲ, ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಒಗ್ಗರಣೆ ಘಾಟು ನಿಂತಂತೆ ನಿಲ್ಲುತ್ತದೆ.

ಆ ಸೋಮವಾರ ಹೊಸ ಸುತ್ತೋಲೆ ಬಂದಿತ್ತು. ಎಣ್ಣೆ, ಬೀಜ, ನಾರು, ಯಾವ ಹೆಸರಿನಲ್ಲಿದ್ದರೂ ಭಂಗಿಯನ್ನು ಹುಡುಕಿ ತೆಗೆಯಬೇಕು. ಮಧ್ಯಾಹ್ನದ ಹೊತ್ತಿಗೆ ಅನ್ನದಾನಿಯ ಪರದೆಯ ಮೇಲೆ ಒಂದು ಉಂಗುರ ಮೂಡಿತು. ಕೆಳಗೆ ಹೆಸರುಗಳು. ಹೂವು, ಚಹಾ, ಕಿರಾಣಿ, ಬಳೆ. ಕೊನೆಗೆ ಅವರಪ್ಪನ ಪಾತ್ರೆ ಅಂಗಡಿ.

"ಯಪ್ಪಾ, ಇದು ನಮ್ಮ ಓಣಿ!" ಎಂದು ಕೂಗಿಬಿಟ್ಟ.

ಮೇಲಧಿಕಾರಿ ಮೃದುಲಾ ಮೇಡಂ ಎದ್ದು ಬಂದರು. ಕುಂದಾಪುರದ ಕಡೆಯವರು, ಮೆಲುಮಾತಿನವರು. ಪರದೆ ನೋಡಿ ಅವರ ಮುಖ ಸಣ್ಣದಾಯಿತು. "ಹಣ ದಿನಾ ಸುತ್ತು ಹಾಕ್ತಾ ಉಂಟು ಅನ್ನದಾನಿ. ಮೂಲದಲ್ಲಿ ಭಂಗಿ ಅಂಗಡಿ. ಕಪ್ಪುಹಣ ತೊಳೆಯೋರು ಮಾಡೋದೂ ಹೀಗೇ. ಓಣಿಯ ಎಲ್ಲಾ ಖಾತೆ ಮುಚ್ಚಬೇಕು ಅಂತ ಘ್ರಾಣ ಹೇಳ್ತದೆ."

"ಮೇಡಂ, ಅದು ಬೋಣಿ ರೀ! ಕಪ್ಪುಹಣ ಎಲ್ಲೀದು? ಒಂದು ಮೊಳ ಮಲ್ಲಿಗಿ, ಒಂದು ಕಪ್ ಚಾ!"

"ನಂಗೆ ಹೇಳಿ ಏನು ಮಾಡ್ತೀರಿ? ಅದಕ್ಕೆ ಹೇಳಿ. ಅದು ಕಲೀತದೆ. ಸಂಜೆಯೊಳಗೆ ಒಪ್ಪಿಸಿದರೆ ಓಣಿ ಉಳೀತದೆ."

ಅನ್ನದಾನಿ ಕುರ್ಚಿ ಎಳೆದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಹುರುಪು. ಇಷ್ಟು ವರ್ಷ ಈ ಯಂತ್ರಕ್ಕೆ ಹೌದು-ಅಲ್ಲ ಎಂದು ಗುಂಡಿ ಒತ್ತಿದ್ದೇ ಬಂತು. ಇವತ್ತು ತನ್ನ ಓಣಿಯ ವಿದ್ಯೆ ಅದಕ್ಕೆ ಹೇಳಿಕೊಡುವ ಪಾಳಿ.

ಘ್ರಾಣ ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿತು: "ಬೋಣಿ ಎಂದರೇನು?"

ಹೇಳಿದ. ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಹೇಳಿದ. ಉದ್ರಿ ಇಲ್ಲ, ಪುಕ್ಕಟೆ ಇಲ್ಲ ಎಂಬುದನ್ನೂ ಬಿಡಲಿಲ್ಲ. ಯಂತ್ರ ಸಮಾಧಾನದಿಂದ ಕೇಳಿಸಿಕೊಂಡಿತು, ನಡುನಡುವೆ ಪ್ರಶ್ನೆ ಹಾಕಿತು.

"ಇದನ್ನು ಪ್ರತಿದಿನ ಆರಂಭಿಸುವವರು ಯಾರು?"

"ಮಾಳವ್ವ."

"ಆಕೆಯೇ ಏಕೆ?"

ಅನ್ನದಾನಿಗೆ ಬೆವರು ಬಂತು. ಆಕೆಯೇ ಬೇಕು ಅಂದರೆ ಈ ಮೂಗು ಆಕೆಯನ್ನು ಜಾಲದ ಯಜಮಾನಿ ಮಾಡಿಬಿಟ್ಟೀತು. ಆಕೆಯ ಮೇಲಿನ ಭಾರ ಇಳಿಸಬೇಕು ಅನ್ನಿಸಿತು. "ಆಕೆಯೇ ಆಗಬೇಕೆಂದೇನೂ ಇಲ್ಲ. ಹಿರಿಯಳೆಂಬ ಪ್ರೀತಿ ಅಷ್ಟೆ. ಯಾರು ಶುರು ಮಾಡಿದರೂ ಆದೀತು."

"ಆಕೆ ಇಲ್ಲದೆಯೂ ಬೋಣಿ ನಡೆಯುತ್ತದೆಯೇ?"

"ನಡೆಯುತ್ತದೆ."

"ಧನ್ಯವಾದ. ನಿಮ್ಮ ವಿವರಣೆ ಬಹಳ ಉಪಯುಕ್ತ."

ಉಂಗುರ ಹಸಿರಾಯಿತು. ಅನ್ನದಾನಿ ಧಾರವಾಡ ಪೇಡೆ ಕಟ್ಟಿಸಿಕೊಂಡು ರೈಲು ಹತ್ತಿದ. ಮನೆಯಲ್ಲಿ ಹೆಂಡತಿ ದಾಕ್ಷಾಯಣಿ ಪೊಟ್ಟಣ ಬಿಚ್ಚುತ್ತ, "ಏನ್ರಿ, ಯಂತ್ರಕ್ಕ ಗುರು ಆದ್ರಂತ! ಮನ್ಯಾಗ ನನಗೊಂದು ಮಾತು ತಿಳಿಸಿ ಹೇಳಾಕ ಬರಂಗಿಲ್ಲ," ಎಂದು ಕಾಡಿಸಿದಳು. ಶಿವಪುತ್ರಪ್ಪ ಪೇಡೆ ಬಾಯಿಗಿಟ್ಟುಕೊಂಡು ಮಗನ ಬೆನ್ನು ತಟ್ಟಿದ. ಮಾಳವ್ವನಿಗೂ ಎರಡು ಪೇಡೆ ಕಳಿಸಿದರು.

ಮರುದಿನ ಮಾಳವ್ವ ಎಂದಿನಂತೆ ಬಂದು ಮಲ್ಲಿಗೆ ಮುಡಿದುಕೊಂಡು ದಾವಲಬೀಯ ಹಲಗೆಯ ಮೇಲೆ ಕೈ ಇಟ್ಟಳು. ಕೆಂಪು ಬಿತ್ತು. ಸೀರೆಗೆ ಅಂಗೈ ಒರೆಸಿಕೊಂಡು ಮತ್ತೆ ಇಟ್ಟಳು. ಮತ್ತೆ ಕೆಂಪು. ಹಲಗೆ ಮೃದುವಾಗಿ ಮಾತಾಡಿತು: "ಈ ಖಾತೆ ಮೂಲದಲ್ಲೇ ತಡೆಹಿಡಿಯಲ್ಪಟ್ಟಿದೆ. ನಿಮ್ಮ ಬೋಣಿ ಸುರಕ್ಷಿತವಾಗಿದೆ. ದಯವಿಟ್ಟು ಬೇರೊಬ್ಬರಿಂದ ಆರಂಭಿಸಿ."

ಓಣಿಯೆಲ್ಲ ಕೇಳಿಸಿಕೊಂಡಿತು. ಚಹಾದವನ ಕೈಯಲ್ಲಿದ್ದ ಜರಡಿ ಹಾಗೇ ನಿಂತಿತು. ಮಾಳವ್ವ ಮುಡಿದ ಹೂವನ್ನು ಬಿಚ್ಚಿ ಬುಟ್ಟಿಯೊಳಗಿಟ್ಟಳು. "ಮುಡಿದದ್ದು ವಾಪಸ್ ಕೊಡಬಾರ್ದು. ಆದ್ರ ಬೋಣಿ ಹೊತ್ತಿಗೆ ಪುಕ್ಕಟೆ ತಗೊಳ್ಳೂದು ಅದಕ್ಕಿಂತ ಕೆಟ್ಟದ್ದು ದಾವಲಬೀ. ತಪ್ಪು ತಿಳಕೋಬ್ಯಾಡ," ಎಂದು ಹೋಗಿ ತನ್ನ ಅಂಗಡಿಯಲ್ಲಿ ಕೂತಳು.

ಶಿವಪುತ್ರಪ್ಪ ಮಗನನ್ನು ಒಳಗೆ ಕರೆದ. "ಆ ಮಷೀನಕ್ಕ ಏನ್ ಹೇಳಿ ಬಂದಿ?"

ಅನ್ನದಾನಿ ಹೇಳಿದ. ಮುದುಕ ಕೈಯಲ್ಲಿದ್ದ ತಾಮ್ರದ ಕೊಡವನ್ನು ಕೆಳಗಿಟ್ಟ.

"ಆಕಿ ಇಲ್ಲದ ನಡೀತದ ಅಂದ್ಯಾ?"

"ಓಣಿ ಉಳಿಸಾಕ ಅಂದೆ ಅಪ್ಪಾ. ಆಕೀನ್ನೂ ಉಳಿಸಾಕ ಅಂದೆ."

"ಇದ್ದೂರಾಗ ಇದ್ದಾಕಿನ್ನ ಇಲ್ಲದಾಕಿ ಮಾಡಿ ಬಂದಿ," ಅಂದ ಶಿವಪುತ್ರಪ್ಪ.

ಓಣಿಗೆ ಹೊಟ್ಟೆಯಿತ್ತಲ್ಲ, ನಡೆಯಲೇಬೇಕಿತ್ತು. ಹಿರಿಯನೆಂದು ಶಿವಪುತ್ರಪ್ಪನ ಕೈಯಿಂದಲೇ ಬೋಣಿ ಶುರು ಮಾಡಿಸಿದರು. ಮುದುಕ ಹೂವು ಕೊಳ್ಳಲು ಹೋಗುವಾಗ ಮಾಳವ್ವನ ಅಂಗಡಿ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಕಾಲು ಮುಂದೆ ಬರುತ್ತಿರಲಿಲ್ಲವೇನೋ. ಮಾಳವ್ವ ಮಾತ್ರ ದಿನಾ ಬಾಗಿಲು ತೆಗೆದು, ನೀರು ಹೊಡೆದು, ರಂಗೋಲಿ ಎಳೆದು ಕೂರುತ್ತಿದ್ದಳು. ಆಕೆ ಹಣ ಕೊಡುವಂತಿಲ್ಲ, ಆಕೆಗೆ ಯಾರೂ ಹಣ ಕೊಡುವಂತಿಲ್ಲ. ದಾಕ್ಷಾಯಣಿ ರೊಟ್ಟಿ, ಪುಂಡಿಪಲ್ಯೆ ಒಯ್ದು ಕೊಟ್ಟಳು. ದಾವಲಬೀ ಒಂದು ಸೇರು ಅಕ್ಕಿ ತಂದು, ಇದನ್ನೇ ಬೋಣಿ ಅಂದುಕೋ ಮಾಳಕ್ಕ ಅಂದಳು. ಮಾಳವ್ವ ನಕ್ಕಳು. "ಅಕ್ಕಿಗೆ ಎಣ್ಣಿ ಕೊಟ್ರ, ಕಾರ್ಖಾನ್ಯಾವ್ರು ನನಗ ಅಕ್ಕಿಗೆ ಎಣ್ಣಿ ಕೊಡ್ತಾರೇನವಾ?"

ಎಲ್ಲಕ್ಕಿಂತ ಕೆಟ್ಟದ್ದು ಇದು: ಮೌಲಾಲಿಯ ಶೀಶೆ ತಳ ಕಾಣುತ್ತಿತ್ತು. ಮಾಳವ್ವನ ಕಪಾಟಿನಲ್ಲಿ ಕೆಲವು ಶೀಶೆ ಉಳಿದಿದ್ದವು. ಬೋಣಿ ಆಗದ ಅಂಗಡಿಗೆ ಹೋಗಿ ಕೇಳಿ ಆಕೆಯನ್ನು ಪೂರ್ತಿ ಮುಳುಗಿಸಬಾರದೆಂದು ಮೌಲಾಲಿ ಕೇಳಲಿಲ್ಲ. ಅವನ ಶೀಶೆ ಇನ್ನೂ ಇದ್ದೀತು ಎಂದು ಮಾಳವ್ವ ತಿಳಿದಿದ್ದಳು. ಇಬ್ಬರೂ ಮರ್ಯಾದಸ್ಥರು, ಏನು ಹೇಳೋಣ!

ಹೀಗೇ ಕೆಲವು ವಾರ ಕಳೆದಮೇಲೆ ಅನ್ನದಾನಿ ಕಾವಲುಮನೆಯಲ್ಲಿ ಮೃದುಲಾ ಮೇಡಂ ಎದುರು ನಿಂತ. "ನನ್ನ ಹೇಳಿಕೆ ತಪ್ಪು ಮೇಡಂ. ತೆಗೆದುಬಿಡಿ."

ಅವರು ರಾಜ್ಯದ ನಕ್ಷೆ ತೋರಿಸಿದರು. ರಾಯಚೂರು, ಯಾದಗಿರಿ, ಚಿತ್ರದುರ್ಗ, ಎಲ್ಲೆಲ್ಲೂ ಪುಟ್ಟ ಪುಟ್ಟ ಉಂಗುರಗಳು. ಕೆಲವುಗಳಲ್ಲಿ ಒಂದೊಂದು ಅಂಗಡಿಯ ಚುಕ್ಕಿ ಆರಿತ್ತು. "ಇದಕ್ಕೆ ಬೋಣಿ ನಿಯಮ ಅಂತಲೇ ಹೆಸರಿಟ್ಟಿದ್ದಾರೆ. ಪೇಟೆಗೆ ಪೇಟೆಯೇ ಮುಚ್ಚೋ ಬದಲು ಒಬ್ಬರನ್ನು ತೆಗೆದರೆ ಸಾಕಾಗ್ತದೆ. ನಿಮಗೆ ಬಹುಮಾನ ಕೊಡಬೇಕಂತ ಮೇಲಿಂದ ಬರೆದಿದ್ದಾರೆ."

ಅನ್ನದಾನಿ ನಕ್ಷೆಗೆ ಬೆನ್ನು ತಿರುಗಿಸಿದ. ಘ್ರಾಣದ ಮುಂದೆ ಕೂತು, "ಮಾಳವ್ವ ಇಲ್ಲದಿದ್ದರೆ ಬೋಣಿ ಇಲ್ಲ. ನಾನು ಮೊದಲು ಹೇಳಿದ್ದು ಸುಳ್ಳು," ಎಂದ.

"ಆಕೆ ಇಲ್ಲದೆಯೂ ಪ್ರತಿದಿನ ಬೋಣಿ ನಡೆಯುತ್ತಿದೆ," ಎಂದಿತು ಯಂತ್ರ. "ಒಂದು ಸಂಪ್ರದಾಯದಿಂದ ಬೇರ್ಪಡಿಸಲಾಗದ ವ್ಯಕ್ತಿಗೆ ವಿನಾಯಿತಿ ಇದೆ. ಪುರಾವೆ ಕೊಡಿ. ಆಕೆಯಿಲ್ಲದ ಕಾರಣ ಒಂದು ದಿನ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ, ಓಣಿಯಲ್ಲಿ ಯಾರಿಗೂ ಬೋಣಿ ಆಗದಿದ್ದರೆ ಒಪ್ಪುತ್ತೇನೆ."

"ಒಂದೇ ದಿನವೇ?"

"ಒಂದು ದಿನ ಸಾಕು."

ಅವತ್ತು ಸಂಜೆ ಓಣಿಯವರೆಲ್ಲ ಪಾತ್ರೆ ಅಂಗಡಿಯಲ್ಲಿ ಕೂಡಿದರು. ಅನ್ನದಾನಿ ಕೈ ಮುಗಿದು ಕೇಳಿದ. ಕಿರಾಣಿಯವನು ಸ್ವಲ್ಪ ಗೊಣಗಿದ, ನಾಳೆ ಸಂತೆ ಅಂದ. ದಾವಲಬೀ ಎದ್ದು ನಿಂತಳು. "ನನ್ನ ಮಗ ನಿಂತಿರೂದು ಆಕಿ ಎಣ್ಣಿ ಮ್ಯಾಲೆ. ಒಂದು ದಿನದ ಹೂ ಬಾಡಿದ್ರ ಬಾಡ್ಲಿ. ನಾಳೆ ಯಾರರ ಹಲಗಿ ಮುಟ್ಟಿದ್ರ ನನ್ನಾಣಿ ಐತಿ." ಕಿರಾಣಿಯವನೂ ಸೇರಿ ಎಲ್ಲರೂ ಹೂಂ ಅಂದರು. ಬಾಗಿಲಲ್ಲಿ ನಿಂತಿದ್ದ ಮಾಳವ್ವ, "ನನ್ನ ಸಲುವಾಗಿ ಯಾಕ ಹೊಟ್ಟಿ ಕಟ್ಟತೀರಿ," ಅಂದಳು. ಆದರೆ ಅವತ್ತು ಆಕೆಯ ಮುಖ ಅರಳಿತ್ತು.

ಮರುದಿನ ಅನ್ನದಾನಿ ಪರದೆ ಬಿಟ್ಟು ಏಳಲಿಲ್ಲ. ತಾಂಬ್ರ ಓಣಿ ಕತ್ತಲಾಗಿತ್ತು. ಸಂತೆಯ ದಿನ, ಗಿರಾಕಿಗಳು ಬಂದು ಬಂದು ಹೋಗುತ್ತಿರಬೇಕು, ಒಂದು ಚುಕ್ಕಿಯೂ ಹೊತ್ತಲಿಲ್ಲ. ಮಧ್ಯಾಹ್ನ ಕಳೆಯಿತು. ಬುತ್ತಿ ಬಿಚ್ಚಲಿಲ್ಲ. ಮೃದುಲಾ ಮೇಡಂ ಬಂದು ಪಕ್ಕದಲ್ಲಿ ಕೂತರು. ಹೊರಗೆ ಬಿಸಿಲು ಇಳಿಯುತ್ತಿದೆ ಎಂದು ಅವರೇ ಹೋಗಿ ನೋಡಿಕೊಂಡು ಬಂದು ಹೇಳಿದರು. "ಗೆಲ್ತೀರಿ ಅನ್ನದಾನಿ," ಅಂದರು. ಅವನಿಗೂ ಹಾಗೇ ಅನ್ನಿಸತೊಡಗಿತ್ತು. ನಾಳೆ ಮಾಳವ್ವ ಮಲ್ಲಿಗೆ ಮುಡಿಯುವುದು ಕಣ್ಣಿಗೆ ಕಟ್ಟಿತ್ತು.

ಆಗ ಒಂದು ಚುಕ್ಕಿ ಹಸಿರಾಯಿತು. ಹೂವಿನ ಅಂಗಡಿ.

ಹಿಂದೆಯೇ ಎಣ್ಣೆ ಅಂಗಡಿಯಲ್ಲಿ ಕೆಂಪು ಮಿಂಚಿತು. ಘ್ರಾಣ ಹೇಳಿತು: "ಬೋಣಿ ಗುರುತಿಸಲಾಗಿದೆ. ಆರಂಭ, ಹೂವಿನ ಅಂಗಡಿ. ಮಾಳವ್ವ ಇಲ್ಲದೆಯೂ ಬೋಣಿ ನಡೆದಿದೆ. ಈ ಪ್ರಶ್ನೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ."

ಅನ್ನದಾನಿ ಮೇಜಿಗೆ ಗುದ್ದಿದ. "ದಾವಲಬೀ! ಆಣಿ ಹಾಕಿದಾಕೀನ ಹಿಂಗ ಮಾಡಿದ್ಲಲ್ಲ! ಒಂದು ಮೊಳ ಹೂವಿನ ಆಸೆಗೆ ಬಿದ್ಲಲ್ಲ, ಆಕಿ ಬಾಯಾಗ ಮಣ್ಣ ಬೀಳಲಿ!" ರೈಲಿನುದ್ದಕ್ಕೂ ಅದನ್ನೇ ಬೈಗುಳ ಮಾಡಿಕೊಂಡು ಬಂದ. ಹೋದ ಕೂಡಲೇ ಆಕೆಯ ಬುಟ್ಟಿ ಒದ್ದುಬಿಡುತ್ತೇನೆ ಅಂದುಕೊಂಡಿದ್ದ.

ಓಣಿಗೆ ಕಾಲಿಟ್ಟ. ಶಿವಪುತ್ರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಮಗನ ಮುಖ ನೋಡಿಯೇ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ.

"ಬೈಬ್ಯಾಡ. ಮೊದಲು ಕೇಳು. ಹೊತ್ತು ಇಳಿಯೂ ಮುಂದ ಮೌಲಾಲಿ ಬಿದ್ದ."

ಮೌಲಾಲಿ ಮಷೀನಿನ ಮುಂದೆಯೇ ಬಿದ್ದಿದ್ದ. ನೊರೆ ಬಂದು, ಕೈಕಾಲು ಸೆಟೆದು, ಒಮ್ಮೆ ತಿಳಿಯಾಗಿ ಮತ್ತೆ ಸೆಟೆದ. ಅವನ ಶೀಶೆ ಬರಿದಾಗಿ ಎಷ್ಟೋ ದಿನವಾಗಿದೆ ಎಂದು ಆಗಲೇ ಎಲ್ಲರಿಗೂ ಗೊತ್ತಾದದ್ದು. ಮಾಳವ್ವ ಕಪಾಟಿನಿಂದ ಎಣ್ಣೆ ಹಿಡಿದು ಓಡಿಬಂದಳು. ದಾವಲಬೀ ಅಡ್ಡ ನಿಂತಳು. ಆಕೆಗೆ ಮಗನ ಜೀವದ ಜೊತೆ ಇನ್ನೊಂದೂ ಕಾಣುತ್ತಿತ್ತು. ಬೋಣಿ ಆಗದ ಅಂಗಡಿಯ ಸರಕು ಪುಕ್ಕಟೆ ಬರುತ್ತಿದೆ, ಮಾಳಕ್ಕನ ಅಂಗಡಿ ನನ್ನಿಂದ ಮುಳುಗುತ್ತದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಂತೆಯ ಹೆಂಗಸೊಬ್ಬಳ ಕೈ ಹಿಡಿದೆಳೆದು, ಹೂ ಮಾರಿ, ಆಕೆಯ ಅಂಗೈ ಹಲಗೆಗೆ ಒತ್ತಿಸಿ, ಹಸಿರು ಬಿದ್ದ ಕೂಡಲೇ, ಆ ಬೋಣಿಯ ದುಡ್ಡಿನಲ್ಲೇ ಮಾಳವ್ವನಿಗೆ ಬೋಣಿ ಮಾಡಲೆಂದು, ಖಾತೆ ಮುಚ್ಚಿದ್ದನ್ನೂ ಮರೆತು ಆಕೆಯ ಅಂಗಡಿಗೆ ಓಡಿ ತನ್ನ ಅಂಗೈ ಇಟ್ಟಳು.

"ಕೆಂಪು ಬಿತ್ತು," ಅಂದ ಶಿವಪುತ್ರಪ್ಪ. "ಮಾಳವ್ವ ಅಷ್ಟೊತ್ತಿಗೆ ಅವನ ಬಾಯಿಗೆ ಎಣ್ಣಿ ಹಾಕಿಬಿಟ್ಟಿದ್ಲು. ಹುಡುಗ ಎದ್ದು ಕುಂತ. ಇಷ್ಟೇ ನೋಡು ಆದದ್ದು."

ಅನ್ನದಾನಿ ಎದ್ದು ದಾವಲಬೀಯ ಅಂಗಡಿಗೆ ಹೋದ. ಆಕೆ ಬಾಡಿದ ಹೂವಿನ ನಡುವೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. "ಆಣಿ ಹಾಕಿದ ಬಾಯಿ ಇದು ಅನ್ನದಾನಿ. ಪುಕ್ಕಟೆ ತಗೊಂಡು ಆಕೀನ ಮುಣಗಸಬಾರ್ದಂತ ಮಾಡಿದೆ. ನಾನ ಮುಣಗಿಸಿದೆ!" ರೈಲಿನಲ್ಲಿ ಕೂಡಿಸಿಟ್ಟಿದ್ದ ಬೈಗುಳವೆಲ್ಲ ಅವನಿಗೆ ಮರೆತೇಹೋಯಿತು. ನಡೆಯುತ್ತದೆ ಅಂದ ಬಾಯಿ ತನ್ನದು, ಇವಳದಲ್ಲ. ಕೂತು ಅವನೂ ಅತ್ತ.

ಮಾಳವ್ವ ಅಂಗಡಿಯ ಹೆಸರಿನ ಫಲಕ ಇಳಿಸುತ್ತಿದ್ದಳು. ಉಳಿದ ಶೀಶೆಗಳೆಲ್ಲ ಒಂದು ಚೀಲದಲ್ಲಿ ಮೌಲಾಲಿಯ ಮನೆ ಸೇರಿದ್ದವು.

"ಚಿಗವ್ವ," ಎಂದ ಅನ್ನದಾನಿ. ಫಲಕದ ಇನ್ನೊಂದು ತುದಿ ಹಿಡಿದ.

"ಬೋಣಿ ಇಲ್ಲದ ಪುಕ್ಕಟೆ ಕೊಟ್ಟೆ ತಮ್ಮಾ. ಇನ್ನ ಈ ಅಂಗಡಿ ಇಟ್ರೂ ಅಷ್ಟ, ಬಿಟ್ರೂ ಅಷ್ಟ." ಫಲಕದ ಧೂಳು ಸೆರಗಿನಿಂದ ಒರೆಸಿದಳು. "ಲಕ್ಷ್ಮೇಶ್ವರದಾಗ ತಂಗಿ ಅದಾಳ. ಒಂದು ತುತ್ತು ಹಾಕ್ತಾಳ."

"ಶೀಶೆ ಮುಗಿದ ಮ್ಯಾಲೆ ಮೌಲಾಲಿಗೆ?"

ಮಾಳವ್ವ ತನ್ನ ಅಂಗೈ ನೋಡಿಕೊಂಡಳು. "ಅದನ್ನ ನಿನ್ನ ಮಷೀನಕ್ಕ ಕೇಳಪ್ಪಾ. ಎಲ್ಲಾ ಕಲ್ತೈತಿ ಅಲಾ ಅದು."

ಬೆಳಗಾಗುವುದರೊಳಗೆ ಆಕೆ ಹೋಗಿದ್ದಳು. ಬಾಗಿಲ ಮುಂದೆ ರಂಗೋಲಿ ಇರಲಿಲ್ಲ. ಮೌಲಾಲಿಯ ಲಗ್ನದ ಮಾತಾಡಿದ್ದವರು ಅವನು ಬಿದ್ದ ಸುದ್ದಿ ಕೇಳಿ, ಇನ್ನೊಮ್ಮೆ ನೋಡೋಣ ಎಂದು ಹೇಳಿಕಳಿಸಿದರು. ಮುಂದೊಂದು ಬೆಳಿಗ್ಗೆ ಶಿವಪುತ್ರಪ್ಪ ಬೋಣಿಗೆಂದು ಎದ್ದವನು ಮಂಡಿ ಹಿಡಿದುಕೊಂಡು ಮತ್ತೆ ಕೂತುಬಿಟ್ಟ. "ಇವತ್ತ ನೀನ ಹೋಗು," ಎಂದ ಮಗನಿಗೆ.

ಅನ್ನದಾನಿ ಒಂದು ಮೊಳ ಮಲ್ಲಿಗೆ ಕೇಳಿದ. ದಾವಲಬೀ ಮುಖವೆತ್ತದೆ ಅಳೆದು ಕೊಟ್ಟಳು. ಅವನು ಗಾಜಿನ ಹಲಗೆಯ ಮೇಲೆ ಅಂಗೈ ಇಟ್ಟ. ಹಸಿರು ಬಿತ್ತು. ಹಿಂದೆಂದೂ ಇಲ್ಲದ ಗಂಟಾನಾದವೂ ಕೇಳಿತು, ಗಾಜಿನೊಳಗೆ ಬಣ್ಣದ ಹೂವುಗಳು ಉದುರಿದವು. ರಾಜ್ಯದ ಎಲ್ಲ ಅಂಗಡಿಗಳಲ್ಲೂ ಅಂದಿನಿಂದ ದಿನದ ಮೊದಲ ವ್ಯಾಪಾರಕ್ಕೆ ಜಾಲದವರು ಈ ಹೊಸ ಸೊಗಸು ಕೂಡಿಸಿದ್ದರು.

"ಶುಭ ಬೋಣಿ!" ಎಂದಿತು ಹಲಗೆ, ಅಚ್ಚುಕಟ್ಟಾದ ಕನ್ನಡದಲ್ಲಿ. "ದಯವಿಟ್ಟು ಕಣ್ಣಿಗೆ ಒತ್ತಿಕೊಳ್ಳಿ."

ದಾವಲಬೀ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕೂತಳು.